ಎಳೆಯುವ ಬ್ರೇಕಿನ ಕಾರು

ಮಾವ ಕ್ಯಾಕರಿಸುವ ಸದ್ದಿಗೇ ಆ ಮನೆಯಲ್ಲಿ ಬೆಳಗಾಗುತ್ತಿತ್ತು. ಗಂಟಲಿನ ಬುಡದಿಂದ ಏನನ್ನೋ ಕೆರೆದು ಮೇಲಕ್ಕೆ ತಂದು, ಬಾಯಲ್ಲಿ ಒಂದು ಸುತ್ತು ಆಡಿಸಿ, ಅದರ ರುಚಿ ನೋಡಿದವರಂತೆ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಥೂ ಎಂದು ಉಗಿಯುತ್ತಿದ್ದರು. ಒಂದು ಜಾಗ ಅಂತಿಲ್ಲ. ಬಾಗಿಲು ದಾಟಿದ ತಕ್ಷಣ ಹೂಕುಂಡದ ಪಕ್ಕ ಒಂದು, ಕಾರು ನಿಲ್ಲಿಸುವ ಇಳಿಜಾರಿನ ಅಂಚಿಗೆ ಒಂದು, ಕೊನೆಗೆ ಕೆಳಗಡೆ ಗೇಟಿನ ಪಕ್ಕದ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮನಸೋ ಇಚ್ಛೆ. ಒಳಗೆ ಮಲಗಿದ್ದ ಅಳಿಯ ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದ. ಸದ್ದು ದಿಂಬಿನೊಳಗಿಂದಲೂ ಬರುತ್ತಿತ್ತು.

ಅವನದು ಕನ್ನಡಕದ ಅಂಗಡಿ. ಒರೆಸುವುದೇ ಅವನ ಬದುಕು. ಗಾಜು ಒರೆಸಿ, ಫ್ರೇಮ್ ಒರೆಸಿ, ಗಿರಾಕಿ ಮುಟ್ಟಿದ ಕನ್ನಡಿ ಒರೆಸಿ, ಕೈಯಲ್ಲಿ ಹಳದಿ ಬಟ್ಟೆಯ ತುಂಡು ಇಲ್ಲದಿದ್ದರೆ ಅಂಗಿಯ ಚುಂಗಿಗಾದರೂ ಬೆರಳು ಒರೆಸಿಕೊಂಡರೇ ಅವನಿಗೆ ಸಮಾಧಾನ. ಅಂಥವನು ಮನೆಅಳಿಯನಾಗಿ ಬಂದು ಸೇರಿದ್ದು ಇಂಥ ಮನೆಗೆ. ಮಾವನ ಮನೆ, ಮಾವನ ಊಟದ ಮೇಜು, ಆ ಮೇಜಿನ ಮೇಲೆ ಮಾವ ನೆಕ್ಕಿ ಇಟ್ಟ ಚಮಚ. ಎಂಜಲು ಬೆರಳಲ್ಲೇ ಪೇಪರಿನ ಹಾಳೆ ತಿರುವುತ್ತಿದ್ದರು, ಅದೇ ಬೆರಳಲ್ಲಿ ಕಿವಿ ಕೆರೆದು, ಬಂದದ್ದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೇರೆ ಮನೆ ಮಾಡೋಣ ಎಂದು ಒಮ್ಮೆ ಹೇಳಿದ್ದಕ್ಕೆ ಹೆಂಡತಿ ತಲೆ ಕೂಡ ಎತ್ತಲಿಲ್ಲ.

"ಅಪ್ಪನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ. ನಿಮಗೆ ಹೋಗ್ಬೇಕು ಅನ್ಸಿದ್ರೆ ಬಾಗಿಲು ತೆಗೆದೇ ಇದೆ ನೋಡಿ."

ಬಾಗಿಲು ತೆಗೆದೇ ಇತ್ತು, ನಿಜ. ಆದರೆ ಅಂಗಡಿಯ ಮಳಿಗೆಯೂ ಮಾವನದೇ. ಹಾಗಾಗಿ ಅವನು ಹೋಗಲಿಲ್ಲ. ಮಾವನೂ ಹೋಗುವ ಲಕ್ಷಣವಿರಲಿಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ, ಆಗೊಮ್ಮೆ ಈಗೊಮ್ಮೆ ಮಂಡಿ ಹಿಡಿಯುವುದು ಬಿಟ್ಟರೆ ಕಲ್ಲುಗುಂಡಿನ ಹಾಗಿದ್ದರು.

ಕಾರು ಹಳೆಯದಾಯಿತು, ಹೊಸದು ತಗೊಳ್ಳೋಣ ಎಂದವರು ಮಾವನೇ. ಕೊನೆಗೆ ಉಳಿದದ್ದು ಎರಡು ಗಾಡಿ, ಎರಡೂ ಚಿಕ್ಕ ಎಸ್‌ಯುವಿ. ಒಂದು ಬೂದು ಬಣ್ಣದ್ದು, ಒಂದು ಇಟ್ಟಿಗೆ ಕೆಂಪು. ಹೆಂಡತಿಗೆ ಬೂದು ಇಷ್ಟ. ಅವನಿಗೂ ಬೂದೇ ಇಷ್ಟವಾಗಿತ್ತು. ಒಳಗೆ ಎಲ್ಲವೂ ನಯ, ಕೊಳೆ ಕೂರಲು ಸಂದುಗೊಂದು ಕಡಿಮೆ. ಮಾವ ಶೋರೂಮಿನಲ್ಲಿ ಹೊಳೆಯುವ ಪುಸ್ತಿಕೆಯ ಮೂಲೆ ಬಾಯಿಗೆ ಹಾಕಿ ಹಲ್ಲು ಕೆದಕುತ್ತ ಓಡಾಡಿದರು. ಅದೇ ಪುಸ್ತಿಕೆಯನ್ನು ಸೇಲ್ಸ್ ಹುಡುಗಿಗೆ ವಾಪಸ್ಸು ಕೊಟ್ಟರು. ಅವಳು ನಗುತ್ತಲೇ ಎರಡು ಬೆರಳಲ್ಲಿ ತೆಗೆದುಕೊಂಡಳು. ಆ ಎರಡು ಬೆರಳನ್ನು ಕಂಡು ಅವನಿಗೆ ಅವಳ ಮೇಲೆ ಅಕ್ಕರೆ ಬಂತು.

ಟೆಸ್ಟ್ ಡ್ರೈವ್ ಮುಗಿಸಿ ಬೂದು ಗಾಡಿಯಲ್ಲಿ ಕೂತಿದ್ದಾಗ ಆ ಹುಡುಗಿಯೇ ಹೇಳಿದ್ದು.

"ಇದರಲ್ಲಿ ಪಾರ್ಕಿಂಗ್ ಬ್ರೇಕ್‌ಗೆ ಬಟನ್ ಸರ್. ಇಂಜಿನ್ ಆಫ್ ಮಾಡಿದ್ರೆ ತಾನಾಗೇ ಹಿಡ್ಕೊಳುತ್ತೆ. ಆ ಕೆಂಪು ಗಾಡಿಯಲ್ಲಿ ಹಳೇ ಥರ, ನೀವೇ ಕೈಯಲ್ಲಿ ಎಳೀಬೇಕು. ಮರೆತ್ರಿ ಅಂದ್ರೆ ಇಳಿಜಾರಲ್ಲಿ ಗಾಡಿ ಒಂದೇ ಹೊರಟುಬಿಡುತ್ತೆ!"

"ಅಯ್ಯೋ, ನಮ್ಮನೆ ಮುಂದೆ ಇರೋದೇ ಇಳಿಜಾರು. ಹಾಗಾದ್ರೆ ಇದೇ ಸರಿ" ಎಂದು ಹೆಂಡತಿ ನಕ್ಕಳು. ಮಾವನೂ ನಕ್ಕರು, ನಗು ಕೆಮ್ಮಾಗಿ, ಕೆಮ್ಮು ಕಫವಾಗಿ, ಕಿಟಕಿಯ ಗಾಜು ಇಳಿಸಿದರು. ಅವನೊಬ್ಬ ನಗಲಿಲ್ಲ. ಅವನ ಕಣ್ಣ ಮುಂದೆ ಇಳಿಜಾರಿತ್ತು, ಅದರ ಕೆಳಗೆ ನಲ್ಲಿ, ನಲ್ಲಿಯ ಮುಂದೆ ಗಾಡಿಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತ ದೇಹ, ಅದರಾಚೆ ಗೇಟಿನ ಕಲ್ಲಿನ ಕಂಬ.

ಅವತ್ತಿನಿಂದ ಅವನು ಕೆಂಪು ಗಾಡಿಯ ವಕೀಲನಾದ. ಮಾವನಿಗೆ ಹೇಳಿದ, "ಬಟನ್ ಕೆಟ್ರೆ ಯಾರನ್ನ ಕೇಳೋದು ಮಾವ? ಎಳೆಯೋ ಬ್ರೇಕ್ ಆದ್ರೆ ಕೈಗೇ ಗೊತ್ತಾಗುತ್ತೆ."

"ನೋಡಮ್ಮ, ಅಳಿಯಂದ್ರು ಇವತ್ತು ಮೊದಲ ಸಲ ನನ್ನ ಬಾಯಿಂದ ಮಾತು ಕಿತ್ಕೊಂಡ್ರು!" ಎಂದು ಮಾವ ಬೆನ್ನು ತಟ್ಟಿದರು. ತಟ್ಟಿದ ಕೈ ಒದ್ದೆಯಿತ್ತು.

ಹೆಂಡತಿಗೆ ಬೇರೆ ದಾರಿ ಹಿಡಿದ. ಕೆಂಪು ಗಾಡಿಯ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಹೆಚ್ಚು, ಮಾವನ ಮಂಡಿಗೆ ಒಳ್ಳೆಯದು ಎಂದ. ಅವಳು ಕೈಯಲ್ಲಿದ್ದ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು.

"ಏನ್ರೀ ಇದು, ಯಾವಾಗಿಂದ ಅಪ್ಪನ ಮಂಡಿ ಚಿಂತೆ ನಿಮಗೆ?"

"ಮನುಷ್ಯ ಬದಲಾಗಬಾರದಾ?"

ಅವಳ ಮುಖ ಮೆತ್ತಗಾಯಿತು. ಬೂದು ಬಣ್ಣದ ಆಸೆಯನ್ನು ಅವಳು ಬಿಟ್ಟದ್ದು ಅಪ್ಪನ ಮಂಡಿಗಾಗಿ ಅಲ್ಲ, ಗಂಡ ಹೇಳಿದ ಆ ಒಂದು ಮಾತಿಗಾಗಿ. ಅದು ಅವನಿಗೆ ಗೊತ್ತಾಯಿತು. ಗೊತ್ತಾಗಿ ಖುಷಿಯೇ ಆಯಿತು.

ಗಾಡಿ ಬಿಡಿಸಿಕೊಳ್ಳಲು ಹೋದ ದಿನ ಸೇಲ್ಸ್ ಹುಡುಗಿ ಕೇಳಿದಳು, ಕಾಲಡಿಗೆ ಹಾಕುವ ರಬ್ಬರ್ ಮ್ಯಾಟ್ ಬೇಕೋ, ಸುಗಂಧದ ಬಾಟಲಿ ಬೇಕೋ, ಎರಡರಲ್ಲಿ ಒಂದು ಫ್ರೀ. ಅವನು ಯೋಚಿಸಲೇ ಇಲ್ಲ, ಸುಗಂಧ ಎಂದ. ಮಾವ ಸೀಟಿನಲ್ಲಿ ಕೂತು ಎದ್ದ ಮೇಲೆ ಉಳಿಯುವ ವಾಸನೆಗೆ ಇನ್ನೇನಿತ್ತು ಮದ್ದು. ಮಾವ ಮಾತ್ರ ಹೊಸ ಗಾಡಿಯಲ್ಲಿ ಕಾಲಿಡುವ ಜಾಗಕ್ಕೆ ಹಾಸಿದ್ದ ಬಿಳಿ ಕಾಗದವನ್ನು ಕಂಡು, "ಇದರದ್ದೇ ಒಂದು ಕಟ್ಟು ಕೊಟ್ಬಿಡಮ್ಮ" ಎಂದು ಗೋಗರೆದು ತಂದರು. ಜಗತ್ತಿನ ತುಂಬ ಉಗಿಯುವ ಮನುಷ್ಯ ಹೊಸ ಕಾರಿನೊಳಗೆ ಒಂದು ಧೂಳಿನ ಕಣ ಸಹಿಸುತ್ತಿರಲಿಲ್ಲ. ಗಾಡಿ ಹೊರಗೆ ಹೋಗಿ ಬಂತೆಂದರೆ ಹಳೆಯ ಕಾಗದ ತೆಗೆದು ಮುಂದಿನ ಎರಡೂ ಕಡೆ ಹೊಸದು ಹಾಸಿ, ಅಂಗೈಯಿಂದ ನೀವಿ, ಆಮೇಲೇ ಒಳಗೆ ಬರುತ್ತಿದ್ದರು. ಬಂದು ವಾಷ್‌ಬೇಸಿನ್ನಿಗೆ ಕ್ಯಾಕರಿಸುತ್ತಿದ್ದರು.

ಅವನು ಆತುರಪಡಲಿಲ್ಲ. ಕನ್ನಡಕದ ಗಾಜು ಕೂರಿಸುವವನಿಗೆ ಆತುರ ಒಗ್ಗುವುದಿಲ್ಲ. ಗಾಡಿ ನಿಲ್ಲುತ್ತಿದ್ದದ್ದು ಇಳಿಜಾರಿನ ನೆತ್ತಿಯಲ್ಲಿ, ಬಾಲ ಗೇಟಿನ ಕಡೆಗೆ. ಮಾವ ಗೇರಿನಲ್ಲಿ ನಿಲ್ಲಿಸುವವರಲ್ಲ. ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕನ್ನು ಬಾವಿಯಿಂದ ಕೊಡ ಸೇದುವವರಂತೆ ಕರ್ರನೆ ಎಳೆಯುತ್ತಿದ್ದರು. ಗೇಟಿನೊಳಗೆ ಬಂದ ಮೇಲೆ ಲಾಕ್ ಮಾಡುವ ಅಭ್ಯಾಸವೂ ಇಲ್ಲ. ಎಡಗಡೆ ಬಾಗಿಲು ತೆಗೆದು ಬಗ್ಗಿದರೆ ಲಿವರ್ ಕೈಗೆ ಸಿಗುತ್ತಿತ್ತು. ಡ್ರೈವರ್ ಸೀಟಿನಲ್ಲಿ ಕೂರಬೇಕಿಲ್ಲ, ಕನ್ನಡಿ ಅಲುಗಿಸಬೇಕಿಲ್ಲ. ಬೆರಳಚ್ಚಿನ ಯೋಚನೆಯಿಲ್ಲ, ಮನೆಯ ಕಾರಿನಲ್ಲಿ ಮನೆಯವನ ಬೆರಳಿರದೆ ಇನ್ಯಾರದಿರಬೇಕು? ಬೇಕಾದದ್ದು ಒಂದೇ. ಹಿಂದಿನ ಸಂಜೆ ಗಾಡಿ ಓಡಿಸಿದವರು ಮಾವನೇ ಆಗಿರಬೇಕು. ಆಗ ಬ್ರೇಕ್ ಎಳೆಯಲು ಮರೆತವರೂ ಮಾವನೇ ಆಗುತ್ತಾರೆ. ಸತ್ತವರ ಮರೆವಿಗೆ ಸಾಕ್ಷಿ ಕೇಳುವವರಿಲ್ಲ. ಅವನು ಕಾದ. ಕಾಯುವಾಗ ಅವನಿಗೆ ಮಾವನ ಮೇಲೆ ಒಂದು ಥರದ ತಾಳ್ಮೆ ಕೂಡ ಹುಟ್ಟಿತ್ತು. ಉಗೀರಿ, ಉಗೀರಿ, ಇನ್ನೆಷ್ಟು ದಿನ.

ಆ ದಿನವನ್ನು ಹಲ್ಲುನೋವು ತಂದಿತು. ಮಾವ ಕೆನ್ನೆ ಹಿಡಿದುಕೊಂಡು ಒಬ್ಬರೇ ಗಾಡಿ ತೆಗೆದು ದಂತವೈದ್ಯರ ಹತ್ತಿರ ಹೋದರು. ಸಂಜೆ ಬಂದು, ಕರ್ರನೆ ಬ್ರೇಕ್ ಎಳೆದು, ಕಾಗದ ಹಾಸಿ ನೀವಿ, ಒಳಬಂದು ಊಟದ ಮೇಜಿನ ಮುಂದೆ ಕೂತರು. ಬಾಯಿಂದ ರಕ್ತ ಮೆತ್ತಿದ ಹತ್ತಿಯ ಉಂಡೆ ತೆಗೆದು ಮೇಜಿನ ಮೇಲೆ, ಅವನ ತಟ್ಟೆಯ ಪಕ್ಕ ಇಟ್ಟರು. ಆಮೇಲೆ ಜೇಬಿನಿಂದ ಒಂದು ಪೊಟ್ಟಣ ಬಿಚ್ಚಿದರು. ಒಳಗೆ ಹಲ್ಲು. ಬೇರಿನಲ್ಲಿ ಮಾಂಸದ ಚೂರು ಅಂಟಿತ್ತು.

"ನೋಡಿ ಅಳಿಯಂದ್ರೇ, ಎಷ್ಟು ಉದ್ದ ಇದೆ ಬೇರು!"

ಅವನು ತಟ್ಟೆ ಸರಿಸಿ ಎದ್ದ. ಹೆಂಡತಿ, "ಅಪ್ಪಾ, ಥೂ, ಮೊದಲು ತೆಗೀರಿ ಅದನ್ನ" ಎಂದು ಗದರಿ, ಗದರುತ್ತಲೇ ನಗುತ್ತಿದ್ದಳು. ಮಾವ ಕಡುಕಂದು ಔಷಧಿಯ ಬಾಟಲಿಯೊಂದನ್ನು ಅವಳಿಗೆ ಕೊಟ್ಟು, ಇದರಲ್ಲಿ ಬಾಯಿ ಮುಕ್ಕಳಿಸಬೇಕಂತೆ, ಇವತ್ತು ಬೇಡವಂತೆ, ನಾಳೆ ಬೆಳಿಗ್ಗೆಯಿಂದ ಶುರು ಎಂದು ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತಷ್ಟೆ. ಅವನು ಬಚ್ಚಲಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದ. ಹಲ್ಲನ್ನು ಅವನು ಮುಟ್ಟಿರಲಿಲ್ಲ. ಆದರೂ ಉಜ್ಜಿದ.

ಬೆಳಿಗ್ಗೆ ಎಲ್ಲವೂ ಬರೆದಿಟ್ಟ ಹಾಗೆ ನಡೆಯಿತು. ಮಾವ ಬಾಗಿಲು ತೆಗೆದು ಹೊರಗೆ ಹೋದರು. ಹೂಕುಂಡದ ಹತ್ತಿರ ಗಳಗಳ ಮುಕ್ಕಳಿಸಿದ ಸದ್ದು, ಥೂ. ಕಾರಿನ ಪಕ್ಕ ಇನ್ನೊಮ್ಮೆ, ಥೂ. ರಬ್ಬರ್ ಚಪ್ಪಲಿ ಪಟಪಟ ಇಳಿಜಾರಿನಲ್ಲಿ ಇಳಿಯಿತು. ಕೆಳಗೆ ನಲ್ಲಿ ಬಿಟ್ಟ ಸದ್ದು. ಅಡುಗೆಮನೆಯಲ್ಲಿ ಹೆಂಡತಿ ಮಿಕ್ಸಿ ಹಾಕಿದ್ದಳು. ಅವನು ಬಚ್ಚಲಲ್ಲಿ ಶವರ್ ತಿರುಗಿಸಿ, ಬಾಗಿಲು ಮುಂದೆ ಮಾಡಿ, ಸದ್ದಾಗದಿರಲೆಂದು ಬರಿಗಾಲಲ್ಲಿ ಪಕ್ಕದ ಬಾಗಿಲಿಂದ ಹೊರಬಂದ.

ಮಾವನ ಬೆನ್ನು ಕಾಣುತ್ತಿತ್ತು. ಬನಿಯನ್ನಿನ ತೂತು ಕೂಡ ಕಾಣುತ್ತಿತ್ತು. ಅವನು ಬಗ್ಗಿ ಕಾರಿನ ಎಡಬದಿಗೆ ಬಂದ. ಕಾಲಿನಡಿ ಏನೋ ತಣ್ಣಗೆ, ಲೋಳೆಲೋಳೆಯಾಗಿ ಹತ್ತಿತು. ಬೆರಳ ಸಂದಿಗೂ ನುಗ್ಗಿತು. ಅಸಹ್ಯಕ್ಕೆ ಮೈಯೆಲ್ಲ ಮುಳ್ಳೆದ್ದಿತು. ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟು, ಪಾದ ಉಜ್ಜಿಕೊಂಡು, ಬಗ್ಗಿ ಲಿವರ್ ಹಿಡಿದ. ಗುಂಡಿ ಒತ್ತಿ ನಿಧಾನಕ್ಕೆ ಇಳಿಸಿದ. ಗಾಡಿ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಅಲುಗಿತು. ಅವನು ಹೊರಗೆ ಬಂದು ಬಾಗಿಲನ್ನು ಅಂಗೈಯಿಂದ ಒತ್ತಿ ಮುಚ್ಚಿದ. ಮತ್ತೆ ತಿರುಗಿ ನೋಡಲಿಲ್ಲ.

ಶವರಿನ ಕೆಳಗೆ ನಿಂತಾಗ ಕಾಲಿನಿಂದ ಕಂದು ನೀರು ಹರಿಯಿತು. ಹಲ್ಲಿನ ರಕ್ತ ಇರಬೇಕು ಎಂದುಕೊಂಡು ಅವನು ಸೋಪು ಹಚ್ಚಿ ಉಜ್ಜಿದ, ಮತ್ತೆ ಉಜ್ಜಿದ, ಉಗುರಿನ ಸಂದಿಗೆ ಬ್ರಷ್ ಹಾಕಿದ. ಅಷ್ಟರಲ್ಲಿ ಹೊರಗಿನಿಂದ ಒಂದು ಸದ್ದು ಬಂತು. ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಆಮೇಲೆ ಮಿಕ್ಸಿ ನಿಂತಿತು, ಹೆಂಡತಿ ಕಿರುಚಿದಳು. ಅವನು ತಲೆಯ ತುಂಬ ನೊರೆ ಹಚ್ಚಿಕೊಂಡು, ಟವೆಲ್ ಸುತ್ತಿಕೊಂಡು, "ಏನಾಯ್ತು, ಏನಾಯ್ತು" ಎನ್ನುತ್ತ ಓಡಿಬಂದ. ಆ ನೊರೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಮಾವ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು.

ಮಧ್ಯಾಹ್ನ ಬಂದ ಪೊಲೀಸ್ ಅಧಿಕಾರಿ ನಡುವಯಸ್ಸಿನ ಹೆಂಗಸು, ಮೆತ್ತಗೆ ಮಾತಾಡುವವಳು. ಕಂಬಕ್ಕೆ ಒರಗಿದ್ದ ಗಾಡಿಯ ಕಿಟಕಿಯಿಂದ ಲಿವರ್ ನೋಡಿದಳು.

"ಬ್ರೇಕ್ ಹಾಕೇ ಇಲ್ಲ. ಕೊನೆಗೆ ಓಡಿಸಿದ್ದು ಯಾರು?"

"ಮಾವನೇ ಮೇಡಂ. ನಿನ್ನೆ ಸಂಜೆ ಹಲ್ಲು ತೆಗೆಸ್ಕೊಂಡು ಬಂದ್ರು. ತುಂಬ ನೋವಲ್ಲಿದ್ರು. ನಾನು ಬೆಳಿಗ್ಗೆ ಎದ್ದವನು ನೇರ ಸ್ನಾನಕ್ಕೆ ಹೋದೆ, ಗಾಡಿ ಹತ್ರ ನಿನ್ನೆಯಿಂದ ಹೋಗೇ ಇಲ್ಲ."

"ಪಾಪ, ವಯಸ್ಸಾದವರು" ಎಂದು ಆಕೆ ಪೆನ್ನಿನ ಕ್ಯಾಪು ಹಾಕಿದಳು.

"ಅಪ್ಪ ಬ್ರೇಕ್ ಮರೆಯೋರಲ್ಲ" ಎಂದಳು ಹೆಂಡತಿ. ಅತ್ತು ಅತ್ತು ಅವಳ ದನಿ ಒಡೆದಿತ್ತು. ಅವನು ಹೆಗಲ ಮೇಲೆ ಕೈಯಿಟ್ಟ. "ನೋವಿಗೆ ಗೊತ್ತಾಗಿಲ್ಲ ಕಣೇ. ನಾವೇ ಒಂದ್ಸಲ ನೋಡ್ಬೇಕಿತ್ತು." ಅವಳು ತಲೆಯಾಡಿಸಿ, ಅಪ್ಪನ ಕನ್ನಡಕ ಕಾರಲ್ಲೇ ಇರ್ಬೇಕು, ಮುಖಕ್ಕೆ ಹಾಕ್ಬೇಕು, ಅದಿಲ್ದೆ ಅಪ್ಪ ಅಪ್ಪನ ಹಾಗೇ ಕಾಣಲ್ಲ ಎಂದು ಇಳಿಜಾರು ಇಳಿದು ಹೋದಳು. ಆ ಕನ್ನಡಕ ಅವನೇ ಮಾಡಿಕೊಟ್ಟದ್ದು. ಅದರ ಗಾಜಿನ ಮೇಲಿನ ಜಿಡ್ಡು ನೆನಪಾಗಿ, ಇವತ್ತೂ ಅವನಿಗೆ ಅಸಹ್ಯವೇ ಆಯಿತು.

ಅವಳು ಎಡಗಡೆ ಬಾಗಿಲು ತೆಗೆದಳು, ಬಗ್ಗಿದಳು, ಬಗ್ಗಿದವಳು ಹಾಗೇ ನಿಂತಳು. ಎಷ್ಟು ಹೊತ್ತಾದರೂ ಕನ್ನಡಕಕ್ಕೆ ಕೈ ಹಾಕಲಿಲ್ಲ. ಕೊನೆಗೆ, "ಮೇಡಂ, ಸ್ವಲ್ಪ ಇಲ್ಲಿ ಬನ್ನಿ" ಎಂದು ಕರೆದಳು. ಗಂಡನನ್ನು ಕರೆಯಲಿಲ್ಲ. ಅವಳ ಅಪ್ಪ ನಿನ್ನೆ ಸಂಜೆ ಹೊಸದಾಗಿ ಹಾಸಿ ನೀವಿದ್ದ ಬಿಳಿ ಕಾಗದ ಅಲ್ಲೇ ಇತ್ತು. ಅದರ ನಡುವೆ, ಇವತ್ತು ಬೆಳಿಗ್ಗೆಯಷ್ಟೇ ಮುಚ್ಚಳ ತೆಗೆದ ಔಷಧಿಯ ಕಡುಕಂದು ಬಣ್ಣದಲ್ಲಿ, ಒಂದು ದೊಡ್ಡ ಬರಿಗಾಲಿನ ಐದು ಬೆರಳೂ ಹಿಮ್ಮಡಿಯೂ ಉಜ್ಜಿ ಒರೆಸಿದ ಗುರುತು ಒಣಗಿ ಕೂತಿತ್ತು. ಅಧಿಕಾರಿ ಕಾಗದ ನೋಡಿದಳು, ಆಮೇಲೆ ಮೇಲೆ ನಿಂತಿದ್ದ ಅವನ ಕಾಲು ನೋಡಿದಳು. ಕಾಲು ಬಹಳ ಸ್ವಚ್ಛವಾಗಿತ್ತು.