ಹೆಪ್ಪುಗಟ್ಟದ ನೀರು

ಜೂನ್ ಇಪ್ಪತ್ತನಾಲ್ಕು, ಬೆಳಗ್ಗೆ ಎಂಟೂವರೆ. ಒರುರೊ ನಗರದ ಉತ್ತರ ಠಾಣೆಗೆ ದೂರು ಕೊಡಲು ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಲಂಗದ ತುಂಬ ಮಸಿ. ಹೆಸರು ಸತುರ್ನಿನಾ. ಅಂದು ಏಳು ಗಂಟೆಗೆ ಕಾಸಿಮಿರೊನ ವೆಲ್ಡಿಂಗ್ ಶೆಡ್ಡಿನಲ್ಲಿ ಗ್ಯಾಸ್ ಟ್ಯಾಂಕು ಸಿಡಿದು ಸತ್ತ ಎಫ್ರಾಯಿನ್ ಅವಳ ಒಬ್ಬನೇ ಮಗ.

"ಅಪಘಾತಕ್ಕೆ ದೂರು ಯಾಕಮ್ಮಾ?" ಸಾರ್ಜೆಂಟ್ ಚಾಂಬಿ ಕೇಳಿದ.

"ಯಜಮಾನ ಬೀದಿ ತುಂಬ ಸಾರ್ತಿದಾನೆ, ಸೋಮಾರಿ ನನ್ಮಗ ನೀರು ಹಾಕ್ದೆ ಬೆಂಕಿ ಹಚ್ಚಿದ ಅಂತ. ಸತ್ತೋನು ಎದ್ದು ಬಂದು ಜವಾಬು ಕೊಡ್ತಾನಾ? ನನ್ ಮಗ ನೀರು ಮರೆಯೋನಲ್ಲ ಸಾಹೇಬ್ರೆ. ಅವನ ಹೆಸರಿಗೆ ಹತ್ತಿದ ಮಸಿ ತೊಳೀರಿ. ಇನ್ನೇನೂ ಬೇಡ ನನಗೆ."

ಚಾಂಬಿ ದೂರು ದಾಖಲಿಸಿಕೊಂಡ. ಅವನ ಅಣ್ಣನೂ ವೆಲ್ಡರೇ. ಹಾಗಾಗಿ ಆ ನೀರು ಯಾವುದೆಂದು ಅವನಿಗೆ ಗೊತ್ತಿತ್ತು. ಇಂಥ ಶೆಡ್ಡುಗಳಲ್ಲಿ ಕಾರ್ಬೈಡನ್ನು ನೀರಿಗೆ ಹಾಕಿ ಗ್ಯಾಸನ್ನು ತಾವೇ ತಯಾರಿಸುತ್ತಾರೆ. ಟ್ಯಾಂಕಿಗೂ ಉರಿಯುವ ಟಾರ್ಚಿಗೂ ನಡುವೆ ಮುಚ್ಚಿದ ಕಬ್ಬಿಣದ ಗಡಿಗೆಯೊಂದಿದ್ದು, ಅದರ ಬದಿಯ ಗಾಜಿನ ಕಿಂಡಿಯಲ್ಲಿ ಕಾಣುವ ಗುರುತಿನವರೆಗೆ ನೀರಿರಬೇಕು. ಪೈಪಿನೊಳಗೆ ಬೆಂಕಿ ಹಿಂದಕ್ಕೆ ಓಡಿ ಬಂದರೆ ಆ ನೀರಿನಲ್ಲಿ ಮುಳುಗಿ ಸಾಯುತ್ತದೆ. ನೀರಿಲ್ಲವೋ, ನೇರ ಟ್ಯಾಂಕಿಗೇ. ಆದರೆ ಜೂನ್ ಎಂದರೆ ಎತ್ತರದ ಒರುರೊದಲ್ಲಿ ನಡು ಚಳಿಗಾಲ; ರಾತ್ರಿ ನೀರು ಗಟ್ಟಿಯಾಗಿ ಗಡಿಗೆ ಬಿರಿಯುತ್ತದೆ. ಅದಕ್ಕೇ ಸಂಜೆ ಖಾಲಿ ಮಾಡಿ, ಬೆಳಗ್ಗೆ ಪೀಪಾಯಿಯ ಮಂಜುಗಡ್ಡೆ ಒಡೆದು ಮತ್ತೆ ತುಂಬಬೇಕು. ಆ ಕೆಲಸ ಎಫ್ರಾಯಿನ್‌ನದು.

ಒಂಬತ್ತೂಕಾಲಕ್ಕೆ ಚಾಂಬಿಯೂ ಕಾನ್‌ಸ್ಟೇಬಲ್ ರುಫಿನಾಳೂ ಸ್ಥಳ ಮಹಜರಿಗೆ ಹೋದರು. ತಗಡಿನ ಸೂರು ಅರ್ಧ ಹಾರಿಹೋಗಿತ್ತು. ಗಡಿಗೆ ಮಾತ್ರ ಹಿತ್ತಲ ಗೋಡೆಯ ನೆರಳಿನಲ್ಲಿ, ಒಡೆಯದೆ ಬಿದ್ದಿತ್ತು. ರುಫಿನಾ ಎತ್ತಿದಳು.

"ಸಾರ್, ಒಳಗೇನೋ ಕುಲುಕ್ತಿದೆ."

ಪಕ್ಕದ ಪೀಪಾಯಿಯಲ್ಲಿ ಇನ್ನೂ ಬೆರಳು ದಪ್ಪ ಮಂಜುಗಡ್ಡೆ. ಇದರಲ್ಲಿ ಮಾತ್ರ ಹನಿಯೂ ಗಟ್ಟಿಯಾಗಿಲ್ಲ! ಚಾಂಬಿ ಗಡಿಗೆ ವಾಲಿಸಿ ಮೂಸಿದ. ಕಾರ್ಬೈಡಿನ ದುರ್ವಾಸನೆಯ ಅಡಿಯಲ್ಲಿ ಸ್ಪಿರಿಟ್ಟಿನ ಘಾಟು. ಸಾಕ್ಷಿಗಳೆದುರು ಗಡಿಗೆಗೆ ಮೊಹರು ಹಾಕಿಸಿದ.

ಯಜಮಾನ ಕಾಸಿಮಿರೊ ಕೈ ಕಟ್ಟಿಕೊಂಡು ನಿಂತಿದ್ದ.

"ಬೆಂಕಿ ತಡೆಯೋ ವಾಲ್ವು ಅಂಗಡೀಲಿ ಸಿಗುತ್ತಲ್ಲ, ಯಾಕೆ ಹಾಕಿಲ್ಲ?"

"ನಮ್ಮಪ್ಪನ ಕಾಲದಿಂದ ನೀರೇ ಕಾದಿದೆ ಸಾರ್."

"ಸ್ಪಿರಿಟ್ ಯಾಕಿತ್ತು ಇಲ್ಲಿ?"

"ತಿಂಗಳ ಮೊದಲ ಶುಕ್ರವಾರ ಭೂತಾಯಿಗೆ ನೈವೇದ್ಯ ಅಂತ ಸುರಿಯೋಕೆ. ಡಬ್ಬಿ ಆ ಗೂಡಲ್ಲಿತ್ತು."

ಗೂಡಿನ ಡಬ್ಬಿ ಖಾಲಿಯಾಗಿತ್ತು. ಇನ್ನೊಬ್ಬ ವೆಲ್ಡರ್ ಫಿದೆಲ್, ಊರಿಗೇ ಗೊತ್ತಿರುವ ಕುಡುಕ, ಕೇಳುವ ಮೊದಲೇ ಬಾಯಿಬಿಟ್ಟ.

"ನನ್ ಕಡೆ ನೋಡ್ಬೇಡಿ ಸಾಹೇಬ್ರೆ. ನಾನು ಕುಡಿಯೋನು ಹೌದು, ಚೆಲ್ಲೋನಲ್ಲ. ನಿನ್ನೆ ಸಂಜೆ ತುಂಬಿತ್ತು ಅದು."

"ಬೆಳಗ್ಗೆ ಮೊದಲು ಬರೋರು ಯಾರು?"

"ಎಫ್ರಾಯಿನ್ ತಾಯೀನೇ. ಬೀಗ ತೆಗೆದು, ಕಸ ಗುಡಿಸಿ, ನಮಗೆಲ್ಲ ಆಪಿ ಗಂಜಿ ಕಾಯಿಸಿಡ್ತಾಳೆ ಪಾಪ."

ಚಾಂಬಿಯ ಪೆನ್ನು ನಿಂತಿತು. ರುಫಿನಾ ಅವನ ಮುಖ ನೋಡಿ, ನೋಡದವಳಂತೆ ಪೀಪಾಯಿಯ ಕಡೆ ತಿರುಗಿದಳು. ಅಯ್ಯೋ ದೇವರೇ, ಇದೊಂದು ಆಗದಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಮಧ್ಯಾಹ್ನ ಅಗ್ನಿಶಾಮಕ ಅಧಿಕಾರಿ ಗಡಿಗೆ ಪರೀಕ್ಷಿಸಿ ಹೇಳಿದ್ದು ಎರಡೇ ಮಾತು: ನೀರು ಬೆಂಕಿಯನ್ನು ಕೊಲ್ಲುತ್ತದೆ, ಸ್ಪಿರಿಟ್ ಸಾಕುತ್ತದೆ.

ಸಂಜೆ ನಾಲ್ಕಕ್ಕೆ ಸತುರ್ನಿನಾಳ ಮನೆ. ಹೆಣ ಇನ್ನೂ ಬಂದಿರಲಿಲ್ಲ. ಖಾಲಿ ಮೇಜಿನ ಸುತ್ತ ಆಗಲೇ ಮೇಣದಬತ್ತಿ ಹಚ್ಚಿದ್ದಳು.

"ನಿಮ್ಮ ಮಗ ನೀರು ಮರೆತಿರಲಿಲ್ಲ ತಾಯಿ. ಗಡಿಗೆ ತುಂಬಿತ್ತು."

"ನಾನು ಹೇಳ್ಲಿಲ್ವಾ!" ಅವಳ ಮುಖ ಅರಳಿತು.

"ಆದರೆ ತುಂಬಿದ್ದು ನೀರಲ್ಲ. ಸ್ಪಿರಿಟ್. ಬೆಂಕಿ ಅದರಿಂದಲೇ ದಾಟಿ ಹೋಯ್ತು."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ, "ಅದು ಗಟ್ಟಿಯಾಗಲ್ಲ ಅಂತ..." ಎಂದಳು.

"ತಾಯಿ, ಸ್ವಲ್ಪ ತಡೀರಿ." ಚಾಂಬಿ ಪುಸ್ತಕ ಮುಚ್ಚಿದ. ಕೆಲಸಕ್ಕೆ ಸೇರಿದಾಗಿನಿಂದ ಮಾಡದ ಕೆಲಸವೊಂದನ್ನು ಮಾಡಹೊರಟಿದ್ದ. "ಯಜಮಾನ ಹೇಳಿದ್ದನ್ನೇ ಬರೆದು ಮುಗಿಸಬಹುದು. ನೀರು ಹಾಕಿರಲಿಲ್ಲ, ಅಪಘಾತ, ಅಷ್ಟೇ. ಸತ್ತೋನಿಗೆ ಏನಾಗಬೇಕು ಇನ್ನು? ನೀವಾದರೂ ಉಳ್ಕೊಳ್ತೀರಿ."

"ಉಳ್ಕೊಂಡು? ಅವನನ್ನ ಸೋಮಾರಿ ಅನ್ನಿಸ್ಕೊಂಡು ಮಣ್ಣು ಮಾಡ್ಲಾ?" ಅವಳು ಶಾಲಿನಿಂದ ಮುಖ ಒರೆಸಿಕೊಂಡಳು. "ಪುಸ್ತಕ ತೆಗೀರಿ ಸಾಹೇಬ್ರೆ. ಬರೀರಿ. ಸುರಿದೋಳು ನಾನು."

ಅಜಾಗರೂಕತೆಯಿಂದ ಸಾವಿಗೆ ಕಾರಣಳಾದ ಆರೋಪದ ಮೇಲೆ ಆರೂಕಾಲಕ್ಕೆ ಸತುರ್ನಿನಾಳನ್ನು ಬಂಧಿಸಲಾಯಿತು. ವಾಲ್ವು ಹಾಕಿಸದಿದ್ದಕ್ಕೆ ಕಾಸಿಮಿರೊನ ಮೇಲೂ ಕೇಸಾಯಿತು. ಅವನು ಜಾಮೀನಿನ ಮೇಲೆ ಹೊರಬಂದು ವಾರದಲ್ಲೇ ಹೊಸ ತಗಡು ಹೊದಿಸಿದ. ಮಗನನ್ನು ಮಣ್ಣು ಮಾಡುವಾಗ ಅವಳು ಇಬ್ಬರು ಪೊಲೀಸರ ನಡುವೆ ನಿಂತಿದ್ದಳು. ನೆರೆದವರಿಗೆಲ್ಲ ಕೇಳುವಂತೆ, ನನ್ ಮಗನ ತಪ್ಪಿಲ್ಲ, ನನ್ ಮಗನ ತಪ್ಪಿಲ್ಲ ಎಂದು ಕೂಗುತ್ತಲೇ ಇದ್ದಳು.

ಅವಳ ಹೇಳಿಕೆ ಒಂದೇ ಪುಟ. ಜೂನ್ ಪೂರ್ತಿ ಮಂಜುಗಡ್ಡೆ ಒಡೆದೊಡೆದು ಮಗನ ಬೆರಳು ಸೀಳಿ ರಕ್ತ ಬರುತ್ತಿತ್ತು. ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ. ಸ್ಪಿರಿಟ್ ಗಟ್ಟಿಯಾಗುವುದಿಲ್ಲ, ಇನ್ನು ದಿನಾ ಖಾಲಿ ಮಾಡಿ ತುಂಬುವುದು ತಪ್ಪುತ್ತದೆ ಎಂದುಕೊಂಡು ಸುರಿದಳು. ಅಂದು ಬಂದವನು ಗಡಿಗೆಯ ಗಾಜಿನಲ್ಲಿ ಮಟ್ಟ ನೋಡಿದ, ಗುರುತಿಗೆ ಸರಿಯಾಗಿತ್ತು. "ನೀನೇ ತುಂಬಿದ್ಯೇನಮ್ಮಾ?" ಎಂದು ಕೇಳಿದ. ಹೂಂ ಎಂದಳು. ಅವನು ನಕ್ಕು, ಆಪಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದು, ಟಾರ್ಚ್ ಹಚ್ಚಲು ಹೋದ.