ಟ್ರಾಮಿನಲ್ಲಿ ಸಿಕ್ಕಿಸಿದ ಬಿಳಿ ಗರಿ

೧೯೧೫ರಲ್ಲಿ, ಬ್ರಾಡ್‌ಫರ್ಡಿನ ಟ್ರಾಮಿನಲ್ಲಿ ಹಾಡಹಗಲೇ ನಡೆದದ್ದು ಇದು. ಯುದ್ಧಕ್ಕೆ ಹೋಗದೆ ಉಳಿದಿದ್ದ ನನ್ನ ತಮ್ಮ ಈನಕ್‌ನ ಎದೆಗೆ ಹೆಂಗಸೊಬ್ಬಳು ಬಂದು, ಹೇಡಿಗಳಿಗೆಂದೇ ಹಂಚುವ ಬಿಳಿ ಗರಿ ಸಿಕ್ಕಿಸಿದಳು.

“ಅಕ್ಕನ ಲಂಗ ಹಿಡ್ಕೊಂಡು ಎಲ್ಲಿಗಪ್ಪಾ ಸವಾರಿ?”

ಟ್ರಾಮೆಲ್ಲ ನಕ್ಕಿತು. ಈನಕ್ ಗರಿ ಕಿತ್ತವನೇ “ಅಯ್ಯೋ!” ಎಂದು ಬಾಗಿದ. ನಾನು ಈಸಿಕೊಂಡು ನೋಡಿದೆ. ಗರಿಯ ಬುಡ ಬೆಚ್ಚಗಿತ್ತು, ರಕ್ತ ಹನಿಯುತ್ತಿತ್ತು. ಕೋಟಿನಲ್ಲಿ ತೂತೇ ಇರಲಿಲ್ಲ.

“ಇಷ್ಟಕ್ಕೇ ಕೂಗ್ತೀಯಲ್ಲೋ! ನನ್ನ ಮಗ ಯುದ್ಧದಲ್ಲಿ ಎದೆಗೆ ಗುಂಡು ತಿಂದು ಸಾಯುವಾಗ್ಲೂ ಇಷ್ಟು ಕೂಗಿರಲ್ಲ” ಎಂದಳು ಅವಳು.

“ಇಳಿಯೋ, ಮನೆಗೆ ಹೋಗೋಣ” ಎಂದೆ.

“ಈ ಮುಖ ಹೊತ್ಕೊಂಡು ಹೆಂಗೆ ಬರ್ಲಿ, ಅಕ್ಕಾ?”

ಅವನು ಸೈನ್ಯದ ಭರ್ತಿ ಕಚೇರಿಯ ಎದುರು ಇಳಿದ. ನಾನು ಹಿಂದೆಯೇ ಓಡಿದೆ. ಒಳಗಿನಿಂದ ಡಾಕ್ಟರ ದನಿ ಕೇಳಿಸಿತು:

“ಎದೇಲೊಂದು, ಬೆನ್ನಲ್ಲೊಂದು ಗುಂಡೇಟಿನ ಕಲೆ. ಹಳೇದು, ಮಾಯ್ದಿದೆ. ಪಾಸು, ಮುಂದೆ ನಡಿ.”

ನಾವು ಉಣ್ಣೆ ಗಿರಣಿಯವರು. ಈನಕ್ ಅಲ್ಲಿಯವರೆಗೆ ಬಂದೂಕನ್ನೇ ಕಂಡಿರಲಿಲ್ಲ.