ಎಡದಿಂದ ಎರಡನೆಯವರು

ಸುವರ್ಣಾಗೆ ಶಿಶಿರ್ ಮೇಲೆ ಮೊದಲು ಬಂದದ್ದು ಸಿಟ್ಟು, ಅದೂ ಒಂದು ಓಕ್ ಎಲೆಯ ಕಾರಣಕ್ಕೆ.

ಹೀಥ್ರೋ ಹತ್ತಿರದ ಗೋದಾಮಿನಲ್ಲಿ, ಒಂದು ಖಾಸಗಿ ಫೋಟೊ ಸಂಗ್ರಹದಲ್ಲಿ ಅವಳ ಕೆಲಸ. ಎಪ್ಪತ್ತು-ಎಂಬತ್ತು ವರ್ಷ ಹಿಂದಿನ ಅಮೆರಿಕನ್ ಜನರಲ್‌ಗಳು, ರಾಯಭಾರಿಗಳು, ವಿಮಾನದ ಮೆಟ್ಟಿಲ ಮೇಲೆ ಹ್ಯಾಟ್ ಹಿಡಿದು ನಿಂತ ಅಧಿಕಾರಿಗಳು. ಯಾರು ಯಾರೆಂದು ಫೋಟೊದ ಹಿಂಬದಿ ನೋಡಿ ಕಂಪ್ಯೂಟರಿನಲ್ಲಿ ಬರೆಯಬೇಕು. ಅದನ್ನು ಸ್ಟ್ರಾಟ್‌ಫರ್ಡ್ ಆಫೀಸಿನಲ್ಲಿ ಕೂತ ಶಿಶಿರ್ ತಪಾಸಣೆ ಮಾಡುತ್ತಿದ್ದ. ಭುಜದ ಮೇಲಿನ ದರ್ಜೆಯ ಗುರುತಾದ ಓಕ್ ಎಲೆ ಬೆಳ್ಳಿಯದು, ಬಂಗಾರದ್ದಲ್ಲ, ಹಾಗಾಗಿ ಇವರು ಮೇಜರ್ ಅಲ್ಲ ಲೆಫ್ಟಿನೆಂಟ್ ಕರ್ನಲ್, ಸರಿಯಾಗಿ ನೋಡಿ ಎಂದು ಅವನ ಇಂಗ್ಲಿಷ್ ಮೇಲ್ ಬಂತು.

ಅವಳು ಫೋನ್ ಮಾಡಿದಳು. ಅವನು ಫೈಲ್ ಹುಡುಕುತ್ತಿರುವಾಗ, ಅವನಿಗೆ ಕನ್ನಡ ಬಾರದೆಂದುಕೊಂಡು ತನ್ನಷ್ಟಕ್ಕೇ ಗೊಣಗಿದಳು: "ಕಪ್ಪು-ಬಿಳುಪಿನ ಫೋಟೊದಾಗ ಬೆಳ್ಳಿ ಯಾವುದು, ಬಂಗಾರ ಯಾವುದು, ಇಂವಗ ಕನಸು ಬಿದ್ದಿತ್ತೇನು?"



"ಕನಸಲ್ಲ ಮಾರಾಯ್ರೆ," ಎಂದ ಅವನು ಕುಂದಾಪುರದ ರಾಗದಲ್ಲಿ. "ಬಂಗಾರದ್ದು ಸ್ವಲ್ಪ ಕಪ್ಪಾಗಿ ಕಾಣ್ತದೆ."

ನಾಚಿಕೆಯಲ್ಲೂ ಅವಳಿಗೆ ನಗು ಬಂತು.

ಡಿವೋರ್ಸ್ ಆಗಿ ಮೂರು ವರ್ಷ. ಶುಕ್ರವಾರ ಸಂಜೆ ಹೌನ್ಸ್ಲೋದ ಫ್ಲಾಟಿಗೆ ಬಂದು ಬಾಗಿಲು ಹಾಕಿದರೆ ಸೋಮವಾರದ ತನಕ ಅವಳಿಗೆ ತನ್ನ ದನಿಯೂ ಕೇಳುತ್ತಿರಲಿಲ್ಲ. ಹಾಗಾಗಿ ತಪ್ಪು ತೋರಿಸಲು ಅವನು ಮಾಡುತ್ತಿದ್ದ ಕರೆಗಳು ಅವಳಿಗೆ ಬೇಕೆನಿಸತೊಡಗಿದವು. ಊಟ ಏನೆಂದು ಕೇಳುತ್ತಿದ್ದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು, ಒಬ್ಬನಿಗೆ ಅಡುಗೆ ಮಾಡಲು ಮನಸ್ಸಾಗುವುದಿಲ್ಲ ಎಂದು ಒಮ್ಮೆ ಹೇಳಿ, ತಕ್ಷಣ ಮಾತು ಬದಲಿಸಿದ.

ಅವಳು ಕೆಲಸ ಕಲಿತಳು. ತಪ್ಪುಗಳು ನಿಂತವು, ಕರೆಗಳೂ ನಿಂತವು. ಎರಡು ವಾರ ತಡೆದುಕೊಂಡು, ಒಂದು ಮಧ್ಯಾಹ್ನ ಸುವರ್ಣಾ ಬೇಕೆಂದೇ ಒಬ್ಬ ಕ್ಯಾಪ್ಟನ್‌ನನ್ನು ಮೇಜರ್ ಮಾಡಿದಳು. ಕಾಲು ಗಂಟೆಯಲ್ಲಿ ಫೋನ್ ಬಂತು. ಆಮೇಲೆ ವಾರಕ್ಕೊಂದು ತಪ್ಪು.

ಮಾರ್ಚ್‌ನಲ್ಲಿ ಒಂದು ವಾಯುನೆಲೆಯ ಗುಂಪುಚಿತ್ರದಲ್ಲಿ ಅಕ್ಕಪಕ್ಕದ ಇಬ್ಬರ ಹೆಸರು ಅದಲುಬದಲು ಮಾಡಿದಳು. ಶಿಶಿರ್ ಜ್ವರದಿಂದ ರಜೆಯಲ್ಲಿದ್ದ. ಬೇರೆ ಯಾರೋ ನೋಡದೆಯೇ ಒಪ್ಪಿಗೆ ಕೊಟ್ಟರು. ಯಾರಾದರೂ ಸರಿಪಡಿಸಿರುತ್ತಾರೆ ಎಂದುಕೊಂಡಿದ್ದ ಅವಳಿಗದು ಗೊತ್ತಾಗಲೇ ಇಲ್ಲ.

ಮೇ ತಿಂಗಳಲ್ಲಿ ಒಹಾಯೊದಿಂದ ಒಬ್ಬ ವೃದ್ಧೆಯ ಮೇಲ್ ಬಂತು. ನನಗೊಂದು ವರ್ಷವಿದ್ದಾಗ ಅಪ್ಪ ತೀರಿಕೊಂಡರು, ಅವರ ಒಂದು ಫೋಟೊವೂ ಮನೆಯಲ್ಲಿ ಉಳಿದಿರಲಿಲ್ಲ. ಈಗ ನಿಮ್ಮಿಂದ ತರಿಸಿಕೊಂಡೆ. ಎಪ್ಪತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ಅಪ್ಪನ ಮುಖ ನೋಡಿದೆ. ಎಡದಿಂದ ಎರಡನೆಯವರು.

ಅದು ಮಾರ್ಚ್‌ನ ಗುಂಪುಚಿತ್ರ; ಎಡದಿಂದ ಎರಡನೆಯವರು ಬೇರೆ ಯಾರೋ. ಆಕೆಯ ಅಪ್ಪ ಮೂರನೆಯವರು.

ಸುವರ್ಣಾ ಫೋಟೊ ತೆಗೆದು ಹಿಂಬದಿಯ ಹೆಸರುಗಳನ್ನು ಮತ್ತೆ ಓದಿದಳು. ಶಿಶಿರ್‌ಗೆ ಫೋನ್ ಮಾಡಿ ಹೆಸರು ಅದಲುಬದಲಾದದ್ದನ್ನು ಹೇಳಿದಳು. ಗಡಿಬಿಡಿಯಲ್ಲಿ ಆಗಿರಬೇಕು, ಯಾರಿಗಾದರೂ ಆಗುತ್ತದೆ ಎಂದು ಅವನು ಸಮಾಧಾನ ಹೇಳಿದ.

"ಗಡಿಬಿಡಿ ಅಲ್ಲರಿ. ಬೇಕಂತನ ಮಾಡೀನಿ. ನೀವು ಫೋನ್ ಮಾಡ್ಲಿ ಅಂತ."

 ಮೊದಲು ಆ ಹೆಂಗಸಿಗೆ ಬರೆಯಿರಿ ಎಂದಷ್ಟೇ ಹೇಳಿ ಅವನು ಫೋನ್ ಇಟ್ಟ.

ಅವಳು ಬರೆದಳು. ಮ್ಯಾನೇಜರಿಗೂ ಒಂದನ್ನೂ ಮುಚ್ಚಿಡದೆ ಹೇಳಿದಳು. ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಕೊನೆಯ ದಿನ ಒಹಾಯೊದಿಂದ ಉತ್ತರ ಬಂತು: ಒಂಬತ್ತು ದಿನ ಅಪ್ಪನೆಂದುಕೊಂಡು ಫೋಟೊದಲ್ಲಿ ಪಕ್ಕದವರ ಜೊತೆ ಮಾತಾಡಿದೆ. ಪರವಾಗಿಲ್ಲ, ಅಪ್ಪ ಅಲ್ಲೇ ನಿಂತಿದ್ದರಲ್ಲ.

ಅದನ್ನೋದಿ ಸುವರ್ಣಾ ಗೋದಾಮಿನ ಮೆಟ್ಟಿಲ ಮೇಲೆ ಕೂತು ಅತ್ತಳು. ಶಿಶಿರ್‌ಗೆ ಕಳಿಸಿದಳು. ಭಾನುವಾರ ದಕ್ಷಿಣ ಲಂಡನ್ನಿನ ಟೂಟಿಂಗ್‌ನ ಹೋಟೆಲಿಗೆ ಊಟಕ್ಕೆ ಬರುತ್ತೀರಾ ಎಂದು ಅವನು ಕೇಳಿದ.

ಮೊದಲ ಸಲ ಕಂಡ ಅವನು ಅವಳು ಊಹಿಸಿದ್ದಕ್ಕಿಂತ ಎತ್ತರವಿದ್ದ, ಕಿವಿಯ ಬಳಿ ಕೂದಲು ನೆರೆತಿತ್ತು.  ಊಟದ ಹೊತ್ತಿನಲ್ಲಿ ಅವಳು ನೋಡಿದರೆ ಅವನು ನೀರಿನ ಲೋಟ ನೋಡುತ್ತಿದ್ದ. ಅವಳು ತಲೆ ತಗ್ಗಿಸಿದಾಗ ಮಾತ್ರ ಅವನ ಕಣ್ಣು ಅವಳ ಮೇಲೆ ನಿಲ್ಲುವುದು ಅವಳಿಗೆ ತಿಳಿಯುತ್ತಿತ್ತು. ಕಾಫಿ ಬಂದ ಮೇಲೆ ಅವನು ಬಾಯಿಬಿಟ್ಟ.

"ನೀವು ಬೇಕಂತ ಮಾಡ್ತಿದ್ರಿ ಅಂತ ನಂಗೆ ಗೊತ್ತಿತ್ತು. ನಿಲ್ಲಿಸಿ ಅಂತ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅದ್ರಲ್ಲಿ ನನ್ನ ತಪ್ಪೂ ಉಂಟು."

ಅವಳು ತನ್ನ ಕಾಫಿ ಕುಡಿದು ಮುಗಿಸಿದಳು.

ಇಬ್ಬರೂ ಒಂದೇ ಟ್ಯೂಬ್ ರೈಲು ಹತ್ತಿದರು. ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಅವಳು ಇಳಿದು ಮನೆಗೆ ಬೇರೆ ಲೈನ್ ಹಿಡಿಯಬೇಕು, ಅವನದು ಇನ್ನೂ ಮುಂದೆ. ಸ್ಟಾಕ್‌ವೆಲ್ ಬಂತು. ಅವನು ಕಾಲು ಸರಿಸಿ ಅವಳಿಗೆ ದಾರಿ ಬಿಟ್ಟ. ಬಾಗಿಲು ತೆರೆಯಿತು. ಜನ ಇಳಿದರು, ಜನ ಹತ್ತಿದರು.

ಸುವರ್ಣಾ ಏಳಲಿಲ್ಲ. ಬಾಗಿಲು ಮುಚ್ಚಿತು.